ಅಬ್ಬಾ ನಿನ್ನನ್ನು ಮೇಡಂ ಅಂದ ದಿನ

ಬಸವನ ಬಾಗೇವಾಡಿ
18 ಆಗಸ್ಟ್ 2025

ಪ್ರೀತಿಯ ಮಗಳು ಇರಮಳಿಗೆ ಅಮ್ಮನ ಸಲಾಂ ಮತ್ತು ದುವಾ.

ಆರೋಗ್ಯ ಹೇಗಿದೆ? ಪುಣೆಯಲ್ಲಿ ಮಳೆ ಬಿಟ್ಟಿತೇ? ಕೆಮ್ಮಿಗೆ ಜ್ಯೇಷ್ಠಮಧು ಅಗಿ ಎಂದಿದ್ದೆ, ನೀನು ಅಗಿದಿರಲಿಕ್ಕಿಲ್ಲ. ಇಲ್ಲಿ ತೊಗರಿ ಮೊಣಕಾಲೆತ್ತರ ಬಂದಿದೆ. ನಿನ್ನ ತಂಗಿ ಬುಶ್ರಾ ಕಾಲೇಜಿಗೆ ಹೋಗಿ ಬರುತ್ತಾಳೆ. ಫೋನಿನಲ್ಲಿ ನೀನು ಬರೀ ಅಳುತ್ತೀ, ನಿಮ್ಮ ಅಬ್ಬಾ ಪಕ್ಕದಲ್ಲೇ ಕೂತಿರುವುದರಿಂದ ನನಗೂ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಸಭೆಯನ್ನು ನೀನು ಪರದೆಯ ಆ ಕಡೆಯಿಂದ ಅರ್ಧ ಮಾತ್ರ ಕಂಡಿರಬೇಕು. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ಕಾಯುವವರನ್ನೆಲ್ಲ ಕಂಪನಿಯವರು ಮನೆಯವರ ಸಮೇತ ಕಲ್ಯಾಣಮಂಟಪಕ್ಕೆ ಕರೆದಿದ್ದರು. ಏನೋ ಒಳ್ಳೆಯದೇ ಹೇಳುತ್ತಾರೆಂದು ಅಬ್ಬಾ ಇಸ್ತ್ರಿ ಅಂಗಿ ಹಾಕಿ ಮುಂದಿನ ಸಾಲಿನಲ್ಲೇ ಕೂತರು. ಪುಣೆಯಲ್ಲಿ ನೀನು ದುಡಿಯುವ ಕಂಪನಿಯ ಫ್ಯಾನನ್ನೇ ತಾವು ಕಾಯುವುದೆಂಬ ಹೆಮ್ಮೆ ಅವರಿಗೆ. ಪರದೆಯ ಮೇಲೆ ಅಮೆರಿಕದ ಸಾಹೇಬ ಮಾತಾಡತೊಡಗಿದ. ಅದನ್ನು ಕನ್ನಡ ಮಾಡಿ ಹೇಳುವವರು ಯಾರೆಂದು ನೋಡಿದರೆ ನೀನು! "ನಮ್ಮ ಇರಮ!" ಎಂದು ಅಬ್ಬಾ ನನ್ನ ಕಡೆ ತಿರುಗಿ ನಕ್ಕರು. ಆ ನಗು ಮುಖದಲ್ಲಿರುವಾಗಲೇ ನೀನು ಹೇಳಿದೆ: ಅಮೆರಿಕದಲ್ಲಿ ಕಂಪ್ಯೂಟರು ತುಂಬಿದ ದೊಡ್ಡ ದೊಡ್ಡ ಕಟ್ಟಡಗಳಿಗೆ ಹಗಲು ರಾತ್ರಿ ಕರೆಂಟು ಬೇಕಾಗಿದೆ, ಕಂಪನಿ ಇನ್ನು ಬಂಡವಾಳವನ್ನೆಲ್ಲ ಅಲ್ಲಿನ ಗ್ಯಾಸ್ ವಿದ್ಯುತ್ತಿಗೆ ಹಾಕುತ್ತದೆ, ಗಾಳಿಯ ವ್ಯವಹಾರ ಬಿಡುತ್ತದೆ, ಇಲ್ಲಿನ ಫ್ಯಾನುಗಳನ್ನು ಬೇರೆಯವರಿಗೆ ಮಾರಿದೆ, ಕೊಂಡವರು ಕ್ಯಾಮೆರಾ ಇಟ್ಟು ಕಾಯುತ್ತಾರೆ, ಕಾವಲುಗಾರರು ಬೇಕಿಲ್ಲ. ನಿನಗೂ ಆ ಬೆಳಿಗ್ಗೆಯೇ ಗೊತ್ತಾದದ್ದು ಎಂದೆಯಲ್ಲ, ನಂಬಿದ್ದೇನೆ ತಾಯಿ.

ಆಗ ಅಬ್ಬಾ ಎದ್ದು ನಿಂತರು. ಸಾಹೇಬನ ಎದುರಿಗೇ ಮಗಳೇ ಎಂದು ಕೂಗಿಬಿಡುತ್ತಾರೋ ಎಂದು ನನ್ನ ಜೀವವೇ ಹೋಯಿತು. ಅವರು ಕೈ ಕಟ್ಟಿಕೊಂಡು, "ಮೇಡಂ, ನಮ್ಮ ಗುಡ್ಡದಾಗ ಗಾಳಿ ಏನ್ ಕಡಿಮಿ ಆಗಿಲ್ರಿ. ಸಾಹೇಬ್ರಿಗೆ ಅಷ್ಟ ಹೇಳ್ರಿ" ಎಂದರು. ನೀನು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬ ತಲೆ ತಗ್ಗಿಸಿ ಕೇಳಿದ. ತಪ್ಪು ಗಾಳಿಯದಲ್ಲ, ನಿಮ್ಮದೂ ಅಲ್ಲ, ತೀರ್ಮಾನ ತನ್ನ ಕೈಯಲ್ಲೂ ಇಲ್ಲ ಎಂದನಂತೆ. ಅದನ್ನೂ ನೀನೇ ಹೇಳಬೇಕಾಯಿತು. "ಆತ್ರಿ ಮೇಡಂ" ಎಂದು ಕೂತರು. ಹೊರಗೆ, ಅವರ ಜೊತೆಯೇ ಕೆಲಸ ಕಳಕೊಂಡ ರಸೂಲಸಾಬ, "ಮಗಳ ಕಡಿಂದನ ನೌಕರಿ ತಗಸ್ಕೊಂಡಿ ನೋಡ ಚಾಂದಸಾಬ" ಎಂದ. "ಬಾಯಿ ಅಷ್ಟ ನನ್ನ ಮಗಳದು, ಮಾತು ಆಕಿದಲ್ಲ. ಕೂಸಿಗೆ ಏನೂ ಅನಬ್ಯಾಡ" ಎಂದರು ಇವರು.

ನೀನು ರಾಜೀನಾಮೆ ಕೊಡುತ್ತೇನೆ ಎನ್ನುತ್ತೀ. ಕೊಟ್ಟರೆ ಯಾರಿಗೆ ಏನಾದೀತು? ಯಾರ ಮನೆ ಮುಂದೆ ಹೋಗಿ ಜಗಳ ತೆಗೆಯಬೇಕೆಂದೇ ನನಗೆ ತಿಳಿಯದು. ಬೈಯಲು ಒಂದು ಮುಖವಾದರೂ ಬೇಕಲ್ಲ ಇರಮ, ನಮಗೆ ಗುರುತಿದ್ದದ್ದು ನಿನ್ನ ಮುಖವೊಂದೇ.

ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾಹನು ನಿನ್ನನ್ನು ಕಾಯಲಿ. ಬುಶ್ರಾ ಸಲಾಂ ಹೇಳಿದ್ದಾಳೆ.

ನಿನ್ನ ಅಮ್ಮ,
ಖಾತುನಬಿ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಕೆಲಸ ಹೋದ ಮೇಲೂ ಅಬ್ಬಾ ದಿನಾ ಡ್ಯೂಟಿ ಬಟ್ಟೆ ಹಾಕಿ ಗುಡ್ಡಕ್ಕೆ ಹೋಗುತ್ತಾರೆ, ಬೀಗ ಬಿದ್ದ ಗೇಟಿನ ಹೊರಗೆ ಕೂತು ಬರುತ್ತಾರೆ. ಈಗಲೂ ಹೊರಟರು. ತಡೆದರೆ, "ಮೇಡಂ ಪುಸ್ತಕದ ಕನ್ನಡದಾಗ ಹೇಳಿದ್ರು, ನನಗ ತಿಳೀಲಿಲ್ಲ" ಎನ್ನುತ್ತಾರೆ. ನನ್ನ ಮಾತು ಕೇಳುವುದಿಲ್ಲ. ಒಂದು ಸಲ ಬಾ. ಎದುರಿಗೆ ಕೂತು, ಅಬ್ಬಾ ಎಂದು ಕರೆದು, ನಮ್ಮ ಮಾತಿನಲ್ಲಿ ನೀನೇ ಹೇಳು.