ಬಾಗಿಲಿಗೊಂದು ಬೆಲೆ, ಗುಟುಕಿಗೊಂದು ಬೆಲೆ

ತಂಪೂರು
ಏಪ್ರಿಲ್ 34, 2171

ನಮ್ಮೂರಿನ ಮೊದಲ ಬಿಯರ್ ಹಬ್ಬದ ಸಮಿತಿಯ ಐವರಿಗೆ, ಬಾಗಿಲು ಕಾಯುವ ಲೂರ್ದಮ್ಮ ಮಾಡುವ ನಮಸ್ಕಾರ.

ತಾರೀಖು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಏಪ್ರಿಲ್ ಮೂವತ್ತಕ್ಕೇ ಮುಗಿಯುತ್ತಿತ್ತಂತೆ. ಸೆಕೆ ಮುಗಿಯದೆ ತಿಂಗಳು ಮುಗಿಸುವುದು ಹೇಗೆಂದು ನಮ್ಮ ಹಿರಿಯರು ಡಿಸೆಂಬರಿನಿಂದ ಆರು ದಿನ ಕಿತ್ತು ಇದಕ್ಕೆ ಸೇರಿಸಿದರು. ನನ್ನ ಕನ್ನಡದಲ್ಲಿಯೂ ನಿಮಗೆ ಗುರುತು ಸಿಗದ ಮಾತುಗಳು ಬಂದಾವು, ಕ್ಷಮಿಸಿ. ಆದಷ್ಟೂ ಬಿಡಿಸಿ ಹೇಳುತ್ತೇನೆ. ಎಲ್ಲಾದರೂ ಬಿಟ್ಟುಹೋದರೆ ಅವಸರದಲ್ಲಿದ್ದಾಳೆ ಎಂದುಕೊಳ್ಳಿ, ಏಕೆಂದರೆ ನಾಳೆ ಬೆಳಗ್ಗೆಯೇ ಸಭೆ.

ಇಂಥ ಕಾಗದಕ್ಕೆ ನಾವು ಹಿಂದಂಚೆ ಎನ್ನುತ್ತೇವೆ. ಸಭೆಯಲ್ಲಿ ಯಾವುದನ್ನಾದರೂ ವಿರೋಧಿಸಬೇಕೆನ್ನುವವರು ಅದಕ್ಕೆ ಮುಂಚೆ ವಿಷಯವನ್ನೆಲ್ಲ ಹಿಂದೆ ಬಾಳಿಹೋದ ಯಾರಿಗಾದರೂ ಬರೆಯಬೇಕು. ಎದುರು ಮಾತಾಡಲಾಗದವರ ಮೇಲೆ ಎಷ್ಟು ಹೊತ್ತು ರೇಗಾಡಲು ಸಾಧ್ಯ? ಎರಡು ಪುಟ ತುಂಬುವಷ್ಟರಲ್ಲಿ ಸಿಟ್ಟು ಇಳಿದು ವಿಷಯ ಮಾತ್ರ ಉಳಿಯುತ್ತದೆ. ನನ್ನ ಬಾಯಿ ಊರಿಗೇ ಗೊತ್ತಿರುವಷ್ಟು ಜೋರು, ಹಾಗಾಗಿ ನನಗೆ ನಾಲ್ಕು ಪುಟವಾದರೂ ಬೇಕು. ನಾನು ನಿಮ್ಮನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಾಳೆ ನಾನು ಹೊಡೆದುರುಳಿಸಬೇಕಾದ ಟಿಕೆಟ್ಟನ್ನು ಮೊದಲು ಅಚ್ಚು ಹಾಕಿಸಿದವರು ನೀವು.

ನಮ್ಮೂರು ಎಂದರೆ ನಿಮ್ಮ ಕಾಲದ ಕೋಲಾರದ ಚಿನ್ನದ ಗಣಿ. ಚಿನ್ನ ಮುಗಿದ ಮೇಲೆ ಸುರಂಗಗಳು ಉಳಿದವು. ತೀರಾ ಕೆಳಗೆ ಇಳಿದರೆ ಬಂಡೆಯೇ ಕಾದಿರುತ್ತದೆ, ಆದರೆ ಮೇಲಿನ ಎರಡು ಸಾಲು ಸುರಂಗಗಳಲ್ಲಿ ವರ್ಷವಿಡೀ ಹಿತವಾದ ತಂಪು. ಹೊರಗೆ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲಗಂಟೆ. ಬೇಸಿಗೆಯಲ್ಲಿ ಆ ಹೊತ್ತು ಬಯಲಲ್ಲಿ ನಡೆದವರು ಉಳಿಯುವುದು ಕಷ್ಟ. ಹನ್ನೊಂದಕ್ಕೆ ಗಂಟೆ ಬಾರಿಸಿದ ಕೂಡಲೇ ಊರಿಗೆ ಊರೇ ಸುರಂಗಕ್ಕೆ ಇಳಿಯುತ್ತದೆ. ಅಲ್ಲೇ ಸೊಪ್ಪು ಸೋಸುತ್ತೇವೆ, ಮಕ್ಕಳಿಗೆ ಮಗ್ಗಿ ಹೇಳಿಸುತ್ತೇವೆ, ಚಾಪೆ ಎಳೆದಾಡಿ ಜಗಳ ಆಡುತ್ತೇವೆ, ಅಲ್ಲೇ ಒಂದು ನಿದ್ದೆ ತೆಗೆಯುತ್ತೇವೆ. ಸುರಂಗದ ಕೊನೆಯಲ್ಲಿ ಸಾಲಾಗಿ ಹೂತಿಟ್ಟ ಮಡಕೆಗಳಲ್ಲಿ ಬಿಯರ್ ಕುದಿಯುತ್ತದೆ. ಹುಳಿ ಬರುವುದನ್ನು ನಾವು ಕುದಿಯುವುದು ಎನ್ನುತ್ತೇವೆ, ಒಲೆಗೂ ಅದಕ್ಕೂ ಸಂಬಂಧವಿಲ್ಲ. ಮೊಳಕೆ ರಾಗಿಯದು, ನವಣೆಯದು, ಮಾವಿನಕಾಯಿ ಹಾಕಿದ್ದು, ಹುಣಸೆ ಹಾಕಿದ್ದು ಎಂದು ಅರವತ್ತೆರಡು ಮನೆಯವರು ಮಾಡುತ್ತಾರೆ. ಮೇ ಮೊದಲ ವಾರ ಮೂರು ದಿನ ಹಬ್ಬ. ಬಂಗಾರಪೇಟೆ, ಮುಳಬಾಗಿಲು, ಕುಪ್ಪಂ ಕಡೆಯ ಜನ ಬೆಳಕು ಹರಿಯುವ ಮೊದಲೇ ಹೊರಟು ಬಂದು ಸೇರುತ್ತಾರೆ. ಆ ಬಾಗಿಲಲ್ಲಿ ಕೂತು ಚೀಟಿ ಕೊಡುವ ಕೆಲಸ ನನ್ನದು, ಮೂವತ್ತೊಂದು ವರ್ಷದಿಂದ.

ನಿಮ್ಮ ಮೊದಲ ಹಬ್ಬದ ಪೋಸ್ಟರಿಗೆ ಗಾಜು ಹಾಕಿಸಿ ಸಭೆಯ ಗೋಡೆಗೆ ನೇತುಹಾಕಿದ್ದೇವೆ. "ಒಂದೇ ಟಿಕೆಟ್! ಒಳಗೆ ಬನ್ನಿ, ಎಷ್ಟಾದರೂ ಸವಿಯಿರಿ!" ಎಂದು ದಪ್ಪಕ್ಷರದಲ್ಲಿದೆ. ಇದನ್ನು ನಾವು ಒಟ್ಟುಚೀಟಿ ಎನ್ನುತ್ತೇವೆ. ನೂರು ವರ್ಷಕ್ಕೂ ಮೇಲೆ ನಮ್ಮವರು ಅದನ್ನೇ ಕಣ್ಣಿಗೊತ್ತಿಕೊಂಡು ನಡೆಸಿದರು. ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಾಗಿಲಲ್ಲಿ ಒಂದು ಸಲ ದುಡ್ಡು ಕೇಳಿದರೆ ಒಳಗೆ ಕಿರಿಕಿರಿ ಇರುವುದಿಲ್ಲ ಎಂದುಕೊಂಡಿರಿ, ಅಷ್ಟೇ. ಆದರೆ ಬಾಗಿಲಲ್ಲೇ ಕುಡಿತದ ದುಡ್ಡನ್ನೂ ಕಿತ್ತುಕೊಂಡರೆ ಒಳಗೆ ಹೋದವನು ಸವಿಯುವುದಿಲ್ಲ ಸ್ವಾಮಿ, ವಸೂಲಿ ಮಾಡುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಮಡಕೆಯಲ್ಲಿ ಅಮಲು ಜಾಸ್ತಿಯೋ ಅದರ ಸುತ್ತ ನೂಕುನುಗ್ಗಲು. ಬೇತಮಂಗಲದ ಗಂಗುಲಪ್ಪ ನಾಲ್ಕು ತಿಂಗಳು ಒದ್ದಾಡಿ ಮಾಡಿದ ನವಣೆ ಬಿಯರ್ ಮೊದಲ ದಿನ ಬೆಳಗ್ಗೆಯೇ ಖಾಲಿ. ಕೊನೆಗೆ ಚೀಟಿ ದುಡ್ಡಿನ ಹಂಚಿಕೆಯಲ್ಲಿ ಅವನಿಗೂ ಅಷ್ಟೇ, ನೀರಿನಂಥ ಬಿಯರ್ ತಂದವನಿಗೂ ಅಷ್ಟೇ. ಮರುವರ್ಷ ಅವನೂ ನೀರು ಬೆರೆಸಿ ತಂದ. ನಾನು ತರಾಟೆಗೆ ತೆಗೆದುಕೊಂಡರೆ, "ಹೆಂಗೂ ಕೊಡೋದು ಅಷ್ಟೇ ಅಲ್ವೇನಮ್ಮಾ? ನಾನೊಬ್ಬ ಯಾಕೆ ಸಾಯ್ಲಿ?" ಎಂದ.

ಇನ್ನು ಕುಡಿಯದವರ ಪಾಡು ಕೇಳಬೇಡಿ. ನಮ್ಮಲ್ಲಿ ನೆಟ್ಟಗಿನವರು ಎಂಬುವರು ಇದ್ದಾರೆ. ಒಂದು ಗುಟುಕೂ ಮುಟ್ಟದೆ ಜೊತೆಯವರನ್ನು ಕಾದು, ಮನೆಗೆ ಸೇರಿಸುವವರು. ಒಟ್ಟುಚೀಟಿಯ ಕಾಲದಲ್ಲಿ ಅವರೂ ಪೂರ್ತಿ ಬೆಲೆ ತೆರಬೇಕಿತ್ತು. ಎರಡು ದಿನದ ಕೂಲಿ ಕೊಟ್ಟು ಮಜ್ಜಿಗೆ ಕುಡಿಯಲು ಯಾರು ಬರುತ್ತಾರೆ? ಬರುವುದನ್ನೇ ಬಿಟ್ಟರು. ಒಳಗಿದ್ದವರೆಲ್ಲ ಕುಡಿದವರೇ ಆದರು.

ಈಗ ಅರುಳಪ್ಪನ ವಿಷಯ. ಇದನ್ನು ಬರೆಯಬೇಕೆಂದೇ ಕೂತಿದ್ದೇನೆ.

ಅರುಳಪ್ಪ ನನ್ನ ತಮ್ಮ, ನನಗಿಂತ ಹನ್ನೊಂದು ವರ್ಷ ಚಿಕ್ಕವನು. ನಾನೇ ಎತ್ತಿ ಆಡಿಸಿದ ಕೂಸು. ಬಲು ಜಿಪುಣ. ಬೆಂಕಿಕಡ್ಡಿಯನ್ನು ಉದ್ದುದ್ದಕ್ಕೆ ಸೀಳಿ ಎರಡು ಮಾಡುತ್ತಿದ್ದ. ಕುಡಿತದ ಚಟವಂತೂ ಇರಲೇ ಇಲ್ಲ, ಬಿಯರ್ ಕಂಡರೆ ಮೂಗು ಮುರಿಯುತ್ತಿದ್ದ. ಇಪ್ಪತ್ತೊಂದು ವರ್ಷದ ಹಿಂದಿನ ಹಬ್ಬಕ್ಕೆ ಹಾಡು ಕೇಳಲೆಂದು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. "ಎರಡು ದಿನದ ಕೂಲಿ ಏನಕ್ಕಾ? ಬರೀ ನೋಡ್ಕೊಂಡ್ ಬರಕ್ಕೆ ಇಷ್ಟೊಂದಾ?" ಎಂದ. ಹಿಂದೆ ಸಾಲು ಬೆಳೆಯುತ್ತಿತ್ತು. ನನಗೆ ಅವನನ್ನು ಕೆಣಕುವುದೆಂದರೆ ಖುಷಿ. "ಹೋಗೋ ಜಿಪುಣ, ಕುಡಿದಷ್ಟೂ ನಿಂದೇ, ಗಿಟ್ಟಿಸ್ಕೊಂಡ್ ಬಾ" ಎಂದು ಚೀಟಿ ಹರಿದು ಕೈಗಿಟ್ಟೆ. ಅವನ ಮುಖ ಅರಳಿತು.

ಗಿಟ್ಟಿಸಿಕೊಂಡ. ಹತ್ತೂವರೆಗೆ ಒಳಗೆ ಇಣುಕಿದೆ. ಅವನು ಬೆರಳು ಮಡಚಿ ಎಣಿಸುತ್ತಿದ್ದ. "ಇಪ್ಪತ್ತಮೂರಾಯ್ತಕ್ಕ. ಇನ್ನೈದು ಕುಡಿದ್ರೆ ಕೊಟ್ಟಿದ್ದು ಬರುತ್ತೆ" ಎಂದ. ಕಣ್ಣಲ್ಲಿ ನೀರಿತ್ತು, ಹೊಟ್ಟೆ ತೊಳಸುತ್ತಿತ್ತು, ಆದರೂ ಲೋಟ ಬಿಡಲಿಲ್ಲ. ನಾನು ನಕ್ಕೆ. ನಕ್ಕು ಬಾಗಿಲಿಗೆ ವಾಪಸು ಬಂದೆ. ಹನ್ನೊಂದರ ಗಂಟೆಯಾದ ಮೇಲೆ ಅವನು ವಾಂತಿ ಬಂತೆಂದು ಪಕ್ಕದ ಬಾಗಿಲಿನಿಂದ ಬಿಸಿಲಿಗೆ ಹೋದದ್ದನ್ನು ನಾಲ್ಕು ಜನ ನೋಡಿದರಂತೆ. ನಾಲ್ವರೂ ಕುಡಿದಿದ್ದರು, ತಡೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ನೆಟ್ಟಗಿನವರು ಒಬ್ಬರಾದರೂ ಇದ್ದಿದ್ದರೆ! ನಾಲ್ಕರ ಗಂಟೆಯಾದ ಮೇಲೆ ಜಾಲಿ ಮರದ ಬುಡದಲ್ಲಿ ಸಿಕ್ಕ. ಬಾಗಿಲಿಗೆ ನೂರು ಹೆಜ್ಜೆಯೂ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅವನಿಗೆ. ಅವನ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮೂರು ವರ್ಷದ ಮಗಳು ಶೀಬಾ ನನ್ನ ಮಡಿಲಿಗೆ ಬಂದಳು.

ಮರುವರ್ಷ ಸಭೆಯಲ್ಲಿ ಎದ್ದು ನಿಂತೆ. ತಮ್ಮನ ಮಾತೆತ್ತದೆ, ಮಾಡಿಸಬೇಕಾದ್ದನ್ನು ಮಾಡಿಸಿದೆ. ಬಾಗಿಲ ಬೆಲೆ ಬೇರೆ, ಗುಟುಕಿನ ಬೆಲೆ ಬೇರೆ. ಬಾಗಿಲಲ್ಲಿ ಕೇಳುವುದು ಕಕ್ಕಸು, ಕುಡಿಯುವ ನೀರು, ದೀಪ, ಹಾಡುವವರ ಖರ್ಚಿಗೆ ಬೇಕಾದಷ್ಟು ಮಾತ್ರ. ನೆಟ್ಟಗಿನವರಿಗೆ ಅದೂ ಇಲ್ಲ, ಮೇಲಿಂದ ಮಜ್ಜಿಗೆ ನಮ್ಮದು. ರುಚಿ ನೋಡಲು ಬಿಲ್ಲೆ ಕೊಳ್ಳಬೇಕು. ಬಿಲ್ಲೆ ಎಂದರೆ ಬೆರಳಗಲದ ಸುಟ್ಟ ಮಣ್ಣಿನ ತುಂಡು, ಒಂದಕ್ಕೆ ಮೂರು ಗುಟುಕು. ಅಮಲು ಜಾಸ್ತಿ ಇರುವುದಕ್ಕೆ ಎರಡು ಬಿಲ್ಲೆ. ಬಿಲ್ಲೆ ಬೀಳುವುದು ಮಾಡಿದವರದೇ ಡಬ್ಬಿಗೆ. ಗಂಗುಲಪ್ಪ ಅದೇ ವರ್ಷ ನೀರು ಬೆರೆಸುವುದನ್ನು ಬಿಟ್ಟ.

ಅದರಲ್ಲೂ ಒಂದು ತಪ್ಪು ಮಾಡಿದೆವು, ನೀವು ಮಾಡಬೇಡಿ. ಮೊದಲೆರಡು ವರ್ಷ ಮಿಕ್ಕ ಬಿಲ್ಲೆಯನ್ನು ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಮುಗಿಯುವ ಗಂಟೆ ಬಾರಿಸಿದರೆ ಸಾಕು, ಕಿಸೆಯಲ್ಲಿ ಬಿಲ್ಲೆ ಉಳಿದವರೆಲ್ಲ ಓಡಿ ಗಟಗಟನೆ ಸುರಿದುಕೊಳ್ಳುವರು. ಅಷ್ಟೂ ಮುಖಗಳಲ್ಲಿ ನನಗೆ ಅರುಳಪ್ಪನೇ ಕಾಣಿಸಿ ತಲೆ ಚಚ್ಚಿಕೊಂಡೆ. ಮೂರನೆಯ ವರ್ಷದಿಂದ ಮಿಕ್ಕ ಬಿಲ್ಲೆಗೆ ಬಾಗಿಲಲ್ಲೇ ಪೂರ್ತಿ ದುಡ್ಡು ವಾಪಸು. ಆ ಸಲ ಮುಳಬಾಗಿಲಿನವನೊಬ್ಬ ಆರು ಬಿಲ್ಲೆ ಹಿಂದಿರುಗಿಸಿ, ಬಂದ ದುಡ್ಡಿಗೆ ಹೆಂಡತಿಗೆ ಬಳೆ ಕೊಂಡು, ನೆಟ್ಟಗೆ ನಡೆದು ಹೋದ. ಅವನ ಬೆನ್ನು ನೋಡುತ್ತಾ ನಾನು ಅತ್ತುಬಿಟ್ಟೆ. ಅಲ್ಲಿಂದೀಚೆಗೆ ಹಬ್ಬದಲ್ಲಿ ಒಂದು ಹೆಣವೂ ಬಿದ್ದಿಲ್ಲ.

ನಾಳೆ ಅದನ್ನೆಲ್ಲ ತೆಗೆದುಹಾಕಿ ಒಟ್ಟುಚೀಟಿ ಮತ್ತೆ ತರೋಣ ಎಂಬ ಸೂಚನೆ ಸಭೆಗೆ ಬರುತ್ತಿದೆ. ತರುತ್ತಿರುವವಳು ಶೀಬಾ.

ಅವಳಿಗೀಗ ಇಪ್ಪತ್ತನಾಲ್ಕು. ಚುರುಕು, ಹಟಮಾರಿ, ಹಬ್ಬದ ಖಜಾಂಚಿ. ಅವಳ ಆಸೆ ಕೆಟ್ಟದ್ದಲ್ಲ. ಸುರಂಗದ ಬಾಗಿಲಿನಿಂದ ರೈಲು ನಿಲ್ದಾಣದವರೆಗೆ ದಾರಿಯುದ್ದಕ್ಕೂ ನೆರಳಿನ ಚಪ್ಪರ ಕಟ್ಟಿಸಬೇಕು ಎನ್ನುತ್ತಾಳೆ. ಒಟ್ಟುಚೀಟಿಯನ್ನು ಮುಂಗಡವಾಗಿ ಮಾರಿದರೆ ದುಡ್ಡು ಹಬ್ಬಕ್ಕೆ ಮುಂಚೆಯೇ ಕೈಸೇರುತ್ತದಂತೆ. ಆ ಚೀಟಿಗೆ ಹೆಸರನ್ನೂ ಇಟ್ಟಿದ್ದಾಳೆ, ಅರುಳಪ್ಪ ಚೀಟಿ ಎಂದು. ಮೊನ್ನೆ ಊಟಕ್ಕೆ ಕೂತಾಗ ಹೇಳಿದಳು, "ಅತ್ತೆ, ನೆರಳಿಲ್ದೇ ಇರೋ ದಾರೀಲಿ ನೀರು ಹೊತ್ಕೊಂಡ್ ಹೋಗಿ ಅಪ್ಪ ಸತ್ರು. ಆ ದಾರಿಗೆ ಅಪ್ಪನ ಹೆಸರಲ್ಲೇ ನೆರಳು ಮಾಡಿಸ್ತೀನಿ." "ಸಾರು ಆರೋಗುತ್ತೆ, ಊಟ ಮಾಡು" ಎಂದಷ್ಟೇ ಹೇಳಿದೆ.

ಆ ನೀರಿನ ಕತೆ ನಾನು ಕಟ್ಟಿದ್ದು. ಆರು ವರ್ಷದವಳಿದ್ದಾಗ, ಶಾಲೆಯಲ್ಲಿ ಯಾರೋ ಏನೋ ಅಂದರೆಂದು ಅಳುತ್ತಾ ಬಂದಳು. ಬಿಸಿಲಲ್ಲಿ ಯಾರೋ ಬಿದ್ದಿದ್ದರು, ನಿಮ್ಮಪ್ಪ ಅವರಿಗೆ ನೀರು ಕೊಡಲು ಹೋಗಿದ್ದ ಎಂದುಬಿಟ್ಟೆ. ಊರಿನವರೂ ಮಗುವಿನ ಮುಖ ನೋಡಿ ಹೂಂಗುಟ್ಟಿದರು. ಹದಿನೆಂಟು ವರ್ಷ ಅವಳು ಆ ನೀರಿನ ಕೊಡವನ್ನೇ ನೆನೆದು ಬೆಳೆದಳು. ಈಗ ಅವಳಪ್ಪನನ್ನು ಕೊಂದ ಚೀಟಿಗೇ ಅವಳಪ್ಪನ ಹೆಸರು ಇಡಲು ಹೊರಟಿದ್ದಾಳೆ. ಹೇಳಿದರೆ ಅವಳ ಅಪ್ಪನನ್ನು ಎರಡನೇ ಸಲ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಇನ್ನು ಎಂಟೇ ದಿನಕ್ಕೆ ಯಾರ ಮನೆಯ ಜಿಪುಣನೋ ಬೆರಳು ಮಡಚಿ ಎಣಿಸುತ್ತಾನೆ.

ಹೇಳಿಯೇ ಹೇಳುತ್ತೇನೆ. ನೆರಳಿಗೆ ದುಡ್ಡು ಬೇಕೇ? ನೆರಳಿಗೆಂದೇ ಕೇಳೋಣ. ಬಾಗಿಲ ಬೆಲೆಗೆ ಒಂದಿಷ್ಟು ಏರಿಸಿ, ಇದು ಚಪ್ಪರಕ್ಕೆ ಎಂದು ಚೀಟಿಯ ಮೇಲೇ ಬರೆಯೋಣ. ಕೊಡುತ್ತಾರೆ ಜನ, ಕೊಡದೇ ಏನು. ಯಾವುದಕ್ಕೆ ಎಂದು ತಿಳಿದು ಕೊಟ್ಟವನು ಅದನ್ನು ಹೊಟ್ಟೆಗೆ ಸುರಿದುಕೊಂಡು ವಸೂಲಿ ಮಾಡುವುದಿಲ್ಲ. ಈ ಮಾತಿನಿಂದ ನನ್ನನ್ನು ಯಾರೂ ಕದಲಿಸಲಾರರು.

ಕೊನೆಗೆ ನಿಮ್ಮಲ್ಲೊಂದು ಕೋರಿಕೆ. ನಿಮ್ಮ ಸಮಿತಿಯ ಸಭೆಯ ನಡಾವಳಿ ಪುಸ್ತಕ ನಮ್ಮಲ್ಲಿದೆ, ನಿನ್ನೆ ತೆಗೆಸಿ ಓದಿದೆ. ಟಿಕೆಟ್ಟಿನ ಚರ್ಚೆ ಆರೇ ಸಾಲು. ಐದನೆಯ ಸಾಲು ಹೀಗಿದೆ: "ಕುಡಿಯದವರೂ ಇಷ್ಟೇ ಕೊಡಬೇಕೇ ಎಂದು ಒಬ್ಬ ಸದಸ್ಯೆ ಕೇಳಿದರು. ನಗೆ." ಆರನೆಯ ಸಾಲಿನಲ್ಲಿ ಮೈಕ್ ಬಾಡಿಗೆಯ ಲೆಕ್ಕ. ನಿಮ್ಮ ಹೆಸರನ್ನೂ ಬರೆದಿಲ್ಲ, ತಾಯಿ. ಯಾರೇ ಆಗಿರಿ, ಇನ್ನೊಂದು ಸಲ ಕೇಳಿ. ನಕ್ಕರೆ ನಗಲಿ, ಮೇಜು ಕುಟ್ಟಿ ಕೇಳಿ. ಮೈಕಿನ ವಿಷಯಕ್ಕೆ ಹೋಗಲು ಬಿಡಬೇಡಿ. ನೀವು ಆವತ್ತು ಸುಮ್ಮನಾದಿರಿ, ನಾನು ಇಪ್ಪತ್ತೊಂದು ವರ್ಷ ಸುಮ್ಮನಿದ್ದೆ. ನಾವಿಬ್ಬರೂ ಮಾಡಿದ್ದು ಸಾಕು.

ಇವತ್ತು ಸುರಂಗಕ್ಕೆ ಇಳಿಯದೆ ಮನೆಯಲ್ಲೇ ಕೂತು ಬರೆದೆ, ನಾಲ್ಕರ ಗಂಟೆ ಬಾರಿಸುತ್ತಿದೆ. ಹೊರಗೆ ಮಾತು, ಹೆಜ್ಜೆ ಸದ್ದು ಶುರುವಾಗಿದೆ. ಶೀಬಾ ಈಗ ಬರುತ್ತಾಳೆ. ಈ ಮಾತು ಅವಳ ಕಿವಿಗೆ ನಾಳೆ ಸಭೆಯಲ್ಲಿ, ನಾಲ್ಕು ಜನರ ಎದುರು ಬೀಳಬಾರದು. ಮನೆಯಲ್ಲಿ, ನನ್ನ ಬಾಯಿಂದ ಬೀಳಬೇಕು. ಅವಳು ನನ್ನನ್ನು ಇನ್ನೆಂದೂ ಅತ್ತೆ ಎನ್ನದಿದ್ದರೂ ಸರಿಯೇ. ಮೊದಲ ಮಾತನ್ನು ಇಲ್ಲೇ ಬರೆದಿಡುತ್ತೇನೆ, ಅವಳ ಮುಖ ಕಂಡ ಮೇಲೆ ನಾಲಿಗೆ ಹಿಂಜರಿಯಬಾರದಲ್ಲ.

ಶೀಬಾ, ಬಾ, ಕೂತ್ಕೋ. ನಿಮ್ಮಪ್ಪ ನೀರು ಕೊಡಕ್ಕೆ ಹೋಗಿರ್ಲಿಲ್ಲ ಕಣೆ. ಅವನಿಗೆ ಆ ಚೀಟಿ ಮಾರಿದ್ದು ನಾನು.

ಇಂತಿ,
ಲೂರ್ದಮ್ಮ