ಸುಮ್ಮನಿದ್ದರೆ ಮುಟ್ಟಬೇಡ

ಮಂಗಳವಾರ, 14.

ಮಗು ಹೊಟ್ಟೆಯಲ್ಲೇ ಹೋಯಿತು. ಹೆಂಡತಿ ಉಳಿದಳು, ಏಳು ಬಾಟಲಿ ರಕ್ತ ಏರಿಸಿದ ಮೇಲೆ.

ಭಾನುವಾರ ಬೆಳಿಗ್ಗೆ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟು, "ರಾತ್ರಿಯಿಂದ ಒದ್ದೇ ಇಲ್ಲ ಕಣ್ರೀ" ಅಂದಳು. ಇಪ್ಪತ್ತು ವರ್ಷ ಮೋಟಾರು ರಿಪೇರಿ ಮಾಡಿದವನು ನಾನು. ಚೀರಿದರೆ ಬಿಚ್ಚು, ಸುಮ್ಮನಿದ್ದರೆ ಮುಟ್ಟಬೇಡ, ಇಷ್ಟೇ ನಮ್ಮ ಶೆಡ್ಡಿನ ವೇದ.

"ಗಲಾಟೆ ಇಲ್ಲ ಅಂದ್ರೆ ಒಳ್ಳೇದೇ ಅಲ್ವೇನೇ? ಅಪ್ಪನ ಥರ ಭಾನುವಾರ ಮಲಗಿದೆ" ಅಂದೆ. ಅವಳೂ ನಕ್ಕಳು. ಆ ನಗುವೇ ಈಗ ಚುಚ್ಚುತ್ತಿದೆ. ಸಂಜೆಯ ಹೊತ್ತಿಗೆ ಹಾಸಿಗೆಯೆಲ್ಲ ರಕ್ತ.

ಇವತ್ತು ಕಣ್ಣು ಬಿಟ್ಟವಳು ಮೊದಲು ಆಡಿದ ಮಾತು, "ತಪ್ಪಾಯ್ತು ರೀ. ನಾನೇ ಹಟ ಹಿಡಿದು ಬೆಳಿಗ್ಗೇನೇ ಆಸ್ಪತ್ರೆಗೆ ಹೊರಡಬೇಕಿತ್ತು."

"ಸುಸ್ತಾಗುತ್ತೆ, ಮಾತಾಡಬೇಡ" ಎಂದು ಬಾಯಿ ಮುಚ್ಚಿಸಿದೆ. ತಪ್ಪನ್ನು ಅವಳ ತಲೆಗೇ ಕಟ್ಟಿ ಮನೆಗೆ ಬಂದಿದ್ದೇನೆ. ನಾಳೆಯಾದರೂ ನಾನು, ತಪ್ಪು ನನ್ನದೇ ಅಂತ ಅವಳಿಗೆ…