ಹಾರೈಕೆಗಳ ಅಡಿಯಲ್ಲಿ ಹೂತದ್ದು

ನಾರಿನ್,
ಮಾರ್ಚ್ ಕೊನೆಯ ವಾರ

ಸೊಸೆಯಾಗಿ ಬಂದು ಮಗಳಾದ ಮೇರಿಮ್,

ನೀನಿರುವ ಊರಿನ ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಕಂಪ್ಯೂಟರಿನಿಂದಲೂ ಅಳಿಸಿದ್ದೇನೆ. ಇನ್ನು ನಿದ್ದೆ ಮಾಡು.

ನೀನು ಬಸ್ಸು ಹತ್ತಿದ ಬೆಳಿಗ್ಗೆಯೇ ನನ್ನ ಮಗ ಉಲಾನ್ ಗೋಡೆಯಿಂದ ಅಪ್ಪನ ಕುದುರೆ ಚಾವಟಿ ಇಳಿಸಿದ. "ಅವಳು ಎಲ್ಲಿಗ್ ಹೋದ್ಲು ಅನ್ನೋದು ಆ ಕಂಪ್ಯೂಟರ್ ಡಬ್ಬದಲ್ಲೇ ಇರುತ್ತೆ. ಬಕೀತ್‌ನ ಕರ್ಕೊಂಡ್ ಬರ್ತೀನಿ. ಸಿಕ್ಕಿದ್ ದಿನ ಎರಡೂ ಕಾಲು ಮುರೀತೀನಿ," ಎಂದು ಹೊರಟ. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಬಕೀತ್, ಅಳಿಸಿದ ಫೈಲುಗಳನ್ನೂ ಎಬ್ಬಿಸಬಲ್ಲವನು. ಅವನು ಕುರಿ ಸಂತೆಗೆ ಹೋಗಿದ್ದರಿಂದ ಇಬ್ಬರೂ ಬಂದದ್ದು ಮರುದಿನ. ನನಗೆ ಅಷ್ಟು ಸಾಕಾಯಿತು.

ನೀನೇ ಹೇಳಿದ್ದೆಯಲ್ಲ, ಅಳಿಸಿದರೆ ಹೆಸರಷ್ಟೇ ಹೋಗುತ್ತದೆ, ಅದರ ಮೇಲೆ ಬೇರೇನಾದರೂ ಬರೆದಾಗಲೇ ಒಳಗಿನದು ಸಾಯುತ್ತದೆ ಎಂದು. ನಿನ್ನ ಗೆಳತಿಯ ಪತ್ರಗಳು, ಟಿಕೆಟ್ಟು, ನಿನ್ನ ಬೆನ್ನಿನ ಬಾಸುಂಡೆಗಳ ಫೋಟೋ, ಎಲ್ಲ ಅಳಿಸಿದೆ. ಡಿಸ್ಕ್ ತುಂಬುವಷ್ಟು ದೊಡ್ಡದು ಮನೆಯಲ್ಲಿ ಒಂದೇ ಇತ್ತು: ನಿಮ್ಮ ಮದುವೆಯ ವಿಡಿಯೊ. ನಮ್ಮ ನೆಂಟರು ಹಾರೈಸಲು ಮೈಕು ಹಿಡಿದರೆ ಬಿಡುತ್ತಾರೆಯೇ? ಅದನ್ನೇ ನಕಲಿನ ಮೇಲೆ ನಕಲು ಮಾಡುತ್ತ ಹೋದೆ, ಇನ್ನು ಜಾಗವಿಲ್ಲ ಎಂದು ಯಂತ್ರವೇ ಹೇಳುವವರೆಗೆ.

ಬಕೀತ್ ಹುಡುಕಿ ಹುಡುಕಿ ನಕ್ಕುಬಿಟ್ಟ. "ಏನಪ್ಪಾ ಮದುಮಗ, ಎಲ್ಲಿ ಅಗೆದ್ರೂ ನಿಮ್ಮ ಸೋದರತ್ತೇನೇ ನಿಂತಿದಾಳಲ್ಲೋ! ಕೂಡಿ ಬಾಳಿ, ಕೂಡಿ ಮುದುಕರಾಗಿ ಅಂತಿದಾಳೆ!"

ಉಲಾನ್ ನಗಲಿಲ್ಲ. ಮೂಳೆ ಕಡಿಯುವ ಕೊಡಲಿ ತಂದು ಮೊದಲು ಪರದೆಯನ್ನು, ಆಮೇಲೆ ಡಬ್ಬವನ್ನು ಕೊಚ್ಚಿದ. ಗಾಜಿನ ಚೂರು ನಾದಿಟ್ಟ ಹಿಟ್ಟಿನೊಳಗೂ ಸಿಡಿಯಿತು. ಬಕೀತ್ ಬೂಟು ಕೈಯಲ್ಲಿ ಹಿಡಿದೇ ಓಡಿದ.

"ನೀನೇ ತಾನೆ?" ಎಂದ ಉಲಾನ್. ಹೌದು ಎಂದೆ. "ನೀನು ಯಾರಿಗಮ್ಮಾ ಅಮ್ಮ? ನನಗೋ, ಅವಳಿಗೋ?" ಎಂದು ಕೇಳಿದ. ನಾನು ಹಿಟ್ಟಿನಿಂದ ಗಾಜಿನ ಚೂರು ಆರಿಸತೊಡಗಿದೆ.

ನನಗೇನೂ ಆಗಿಲ್ಲ. ಹಿಮದಲ್ಲಿ ಜಾರಿ ಬಿದ್ದೆನೆಂದು ಶಾಲೆಗೆ ಹೇಳಿಕಳಿಸಿ ರಜೆ ಹಾಕಿದ್ದೇನೆ, ಅಷ್ಟೆ. ಮಕ್ಕಳಿಗೆ ಪದ್ಯ ಓದಿಸುವುದು ಬಾಕಿ ಉಳಿಯಿತು ಎಂಬುದೊಂದೇ ಬೇಸರ.

ಈ ಕಾಗದ ತರುವ ಪಕ್ಕದ ಮನೆಯವಳ ಕೈಯಲ್ಲಿ ಕೌದಿಯೊಂದನ್ನು ಕಳಿಸಿದ್ದೇನೆ. ಬೆಚ್ಚಗಿರು.

ನಿನ್ನ ಅತ್ತೆ,
ಬುರ್ಮಾಕಾನ್

ತಾ.ಕ.: ಕೌದಿಯ ಕೆಂಪು ಮೂಲೆಯ ಹೊಲಿಗೆ ಬಿಚ್ಚು. ಅಳಿಸುವ ಮುಂಚೆ ನಿನ್ನ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ. ಅವುಗಳ ಜೊತೆ ಇನ್ನೊಂದು ಬೆನ್ನಿನ ಫೋಟೋ ಇದೆ. ಪಕ್ಕದ ಮನೆಯವಳೇ ತೆಗೆದಳು. ಚಾವಟಿ ಅದೇ. ಎಲ್ಲವನ್ನೂ ವಕೀಲರಿಗೆ ಕೊಡು. ಅವನು ನನ್ನ ಮಗನೆಂದು ಯೋಚಿಸಿ ನನ್ನದನ್ನು ಅಳಿಸಬೇಡ.